ಮಡಿವಾಳ ಹಕ್ಕಿ ಬೇಕು, ಮಡಿವಾಳ ಮಾರ್ಕೆಟ್ ಅಲ್ಲ: ವನ್ಯಜೀವಿ ಚಿತ್ರಕೋಶಗಳಲ್ಲಿ ಹುಡುಕುವ ಕ್ರಮ

ಇಂಟರ್ನೆಟ್ಟಿನಲ್ಲಿ ‘ಮಡಿವಾಳ’ ಎಂದು ಟೈಪ್ ಮಾಡಿ ಚಿತ್ರ ಹುಡುಕಿ ನೋಡಿ. ಬೆಂಗಳೂರಿನ ಮಾರ್ಕೆಟ್ಟು, ಕೆರೆ, ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ಕು, ಮಾಚಿದೇವರ ಜಯಂತಿಯ ಫ್ಲೆಕ್ಸು ಎಲ್ಲವೂ ಸಾಲಾಗಿ ಬರುತ್ತವೆ. ಬೆಳಗಿನ ಜಾವ ಕರೆಂಟ್ ಕಂಬದ ಮೇಲೆ ಕೂತು ಸಿಳ್ಳೆ ಹೊಡೆಯುವ ಕಪ್ಪು–ಬಿಳುಪಿನ ಹಕ್ಕಿಯನ್ನು ಅದರ ನಡುವೆ ಹೆಕ್ಕಿಕೊಳ್ಳಬೇಕು. ‘ಸಂಪಿಗೆ’ ಎಂದರೆ ಮಲ್ಲೇಶ್ವರದ ರಸ್ತೆ, ‘ನೀಲಕಂಠ’ ಎಂದರೆ ಶಿವ. ಮಗುವಿನ ಶಾಲೆಯ ಪ್ರಾಜೆಕ್ಟಿಗೋ, ಪುರವಣಿಯ ಲೇಖನಕ್ಕೋ, ಕನ್ನಡ ವಿಕಿಪೀಡಿಯಕ್ಕೋ, ಪಂಚಾಯ್ತಿಯ ಜನತಾ ಜೀವವೈವಿಧ್ಯ ದಾಖಲಾತಿಗೋ ಒಂದು ಸರಿಯಾದ ಚಿತ್ರ ಬೇಕಾದವರು ಇಲ್ಲೇ ಸುಸ್ತಾಗಿ, ಮೊದಲು ಕಂಡದ್ದನ್ನು ಸೇವ್ ಮಾಡಿ, ಕೆಳಗೆ ‘ಕೃಪೆ: ಅಂತರ್ಜಾಲ’ ಎಂದು ಬರೆದು ಮುಗಿಸುತ್ತಾರೆ.

ಸರಿಯಾದ ಜಾಗ ಗೊತ್ತಿದ್ದರೆ ಇದು ಹತ್ತು ನಿಮಿಷದ ಕೆಲಸ. ಪ್ರಕೃತಿ ಚಿತ್ರಗಳಿಗೆಂದೇ ಇರುವ ದೊಡ್ಡ ಚಿತ್ರಕೋಶಗಳಲ್ಲಿ ಪ್ರತಿ ಚಿತ್ರದ ಜತೆ ಒಂದು ಚೀಟಿ ಇರುತ್ತದೆ: ಯಾವ ಜೀವಿ, ಎಲ್ಲಿ, ಯಾವಾಗ, ಯಾರು ತೆಗೆದದ್ದು, ಯಾವ ಷರತ್ತಿನ ಮೇಲೆ ಬಳಸಬಹುದು. ನಮ್ಮ ಹುಡುಕಾಟವೆಲ್ಲ ನಡೆಯುವುದು ಈ ಚೀಟಿಯ ಮೇಲೆ. ಚಿತ್ರ ಎಷ್ಟೇ ಚೆನ್ನಾಗಿರಲಿ, ಚೀಟಿ ಇಲ್ಲದಿದ್ದರೆ ಅದು ನಮ್ಮ ಕೆಲಸಕ್ಕಲ್ಲ.

ಮೊದಲು ವೈಜ್ಞಾನಿಕ ಹೆಸರು

ಕನ್ನಡದ ಹೆಸರಿನಿಂದ ಶುರು ಮಾಡಿ, ಆದರೆ ಅಲ್ಲೇ ನಿಲ್ಲಬೇಡಿ. ಕನ್ನಡ ವಿಕಿಪೀಡಿಯದಲ್ಲಿ ಆ ಜೀವಿಯ ಪುಟವಿದ್ದರೆ ಬಲಬದಿಯ ಚೌಕದಲ್ಲಿ ವೈಜ್ಞಾನಿಕ ಹೆಸರು ಸಿಗುತ್ತದೆ. ಪುಟವಿಲ್ಲದಿದ್ದರೆ ಇಂಗ್ಲಿಷ್ ಹೆಸರಿನ ಮೂಲಕ ಅಲ್ಲಿಗೆ ಹೋಗಿ. ಆ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೇ ಕಾಪಿ ಮಾಡಿಕೊಳ್ಳಿ, ಕೈಯಾರೆ ಟೈಪ್ ಮಾಡಲು ಹೋದರೆ ಒಂದಕ್ಷರ ತಪ್ಪೀತು. ಮಡಿವಾಳ ಹಕ್ಕಿ ಕಾಪ್ಸಿಕಸ್ ಸೌಲಾರಿಸ್. ಕೆಂಬೂತ ಸೆಂಟ್ರೋಪಸ್ ಸೈನೆನ್ಸಿಸ್. ನಮ್ಮ ರಾಜ್ಯಪಕ್ಷಿ ನೀಲಕಂಠ ಕೊರೇಸಿಯಸ್ ಬೆಂಗಾಲೆನ್ಸಿಸ್.

ಇಂಗ್ಲಿಷ್ ಹೆಸರೇ ಸಾಕಲ್ಲವೇ ಎನ್ನುವವರು ದಾಂಡೇಲಿಗೆ ಬನ್ನಿ. ಅಲ್ಲಿ ನಾಲ್ಕು ಬಗೆಯ ಮಂಗಟ್ಟೆ ಹಕ್ಕಿಗಳಿವೆ. ‘ಹಾರ್ನ್‌ಬಿಲ್’ ಎಂದಷ್ಟೇ ಹುಡುಕಿದರೆ ಆ ನಾಲ್ಕರ ಜತೆಗೆ ಆಫ್ರಿಕಾದವೂ ಬರುತ್ತವೆ. ಮಲಬಾರ್ ಬೂದು ಮಂಗಟ್ಟೆಯನ್ನೇ ನೋಡಬೇಕೆಂದರೆ ಓಸಿಸೆರಾಸ್ ಗ್ರೀಸಿಯಸ್ ಎನ್ನಬೇಕು. ಅದರ ಹತ್ತಿರದ ನೆಂಟ, ಬಯಲುಸೀಮೆಯಲ್ಲೂ ಕಾಣುವ ಬೂದು ಮಂಗಟ್ಟೆ ಓಸಿಸೆರಾಸ್ ಬೈರೋಸ್ಟ್ರಿಸ್; ಅದಕ್ಕೆ ಕೊಕ್ಕಿನ ಮೇಲೆ ಚಿಕ್ಕ ಕಿರೀಟವಿದೆ, ಘಟ್ಟದ್ದಕ್ಕೆ ಇಲ್ಲ.

ವೈಜ್ಞಾನಿಕ ಹೆಸರೂ ಬದಲಾಗುತ್ತದೆ, ಇದೊಂದು ತಲೆನೋವು. ಸಂಪಿಗೆ ಹಿಂದೆ ಮೈಕೇಲಿಯ ಚಂಪಕ ಆಗಿತ್ತು, ಈಗ ಮ್ಯಾಗ್ನೋಲಿಯ ಚಂಪಕ. ಅದಾದರೂ ಬರೀ ಹೆಸರಿನ ಬದಲಾವಣೆ. ಹಸಿರು ಬಳ್ಳಿಹಾವಿನ ಕತೆ ಬೇರೆ. ಶ್ರೀಲಂಕಾದಿಂದ ನಮ್ಮ ಘಟ್ಟದವರೆಗೆ ಎಲ್ಲವನ್ನೂ ಅಹೇಟುಲ್ಲಾ ನಸೂಟಾ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದರು. 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅದನ್ನು ಹಲವು ಪ್ರಭೇದಗಳಾಗಿ ಬಿಡಿಸಿತು. ನಸೂಟಾ ಎಂಬ ಹೆಸರು ಶ್ರೀಲಂಕಾದ್ದಕ್ಕೆ ಉಳಿಯಿತು. ನಮ್ಮ ಬಯಲಿನದು ಆಕ್ಸಿರಿಂಕಾ ಆಯಿತು, ಪಶ್ಚಿಮ ಘಟ್ಟದವು ಬೋರಿಯಾಲಿಸ್, ಇಸಬೆಲಿನಾ, ಮಲಬಾರಿಕಾ ಮುಂತಾಗಿ ಬೇರೆ ಬೇರೆಯಾದವು. ಹಾಗಾಗಿ ಹಳೆಯ ಹೆಸರಲ್ಲೂ ಹೊಸ ಹೆಸರಲ್ಲೂ ಎರಡು ಸಲ ಹುಡುಕಿ. ಹಳೆಯ ಹೆಸರಿನಡಿ ಸಿಕ್ಕ ಚಿತ್ರಕ್ಕೆ ಅಡಿಬರಹ ಬರೆಯುವ ಮುನ್ನ ಅದು ಯಾವ ಊರಿನದು ಎಂದು ನೋಡಿ. ಕಾಡುಪಾಪದ್ದೂ ಹೀಗೆಯೇ: ತುಮಕೂರಿನ ಕಾಡುಪಾಪಕ್ಕೆ ಲೋರಿಸ್ ಟಾರ್ಡಿಗ್ರೇಡಸ್ ಎಂಬ ಚೀಟಿ ಇದ್ದರೆ ಅದು ಹಳೆಯ ಚೀಟಿ. ಆ ಹೆಸರು ಈಗ ಶ್ರೀಲಂಕಾದ್ದಕ್ಕೆ, ನಮ್ಮದು ಲೋರಿಸ್ ಲಿಡೆಕ್ಕೇರಿಯಾನಸ್.

ಯಾವುದಕ್ಕೆ ಎಲ್ಲಿಗೆ ಹೋಗುವುದು

ಮುದ್ರಣಕ್ಕೋ ವಿಕಿಪೀಡಿಯಕ್ಕೋ ಮುಕ್ತವಾಗಿ ಬಳಸಬಹುದಾದ ಒಳ್ಳೆಯ ಚಿತ್ರ ಬೇಕೆಂದರೆ ವಿಕಿಮೀಡಿಯ ಕಾಮನ್ಸ್. 2004ರಲ್ಲಿ ಶುರುವಾದ ಇದರಲ್ಲಿ ಈಗ ಹತ್ತು ಕೋಟಿಗೂ ಹೆಚ್ಚು ಕಡತಗಳಿವೆ. ಒಂದೇ ಜೀವಿಯ ಹತ್ತಾರು ಮುಖ, ನಿಮ್ಮ ಜಿಲ್ಲೆಯದೇ ಚಿತ್ರ, ಮರಿ, ಮೊಟ್ಟೆ, ಎಲೆ, ಕಾಯಿ ಎಲ್ಲ ಬೇಕೆಂದರೆ ಐನ್ಯಾಚುರಲಿಸ್ಟ್, ಜನ ತಾವು ಕಂಡ ಜೀವಿಗಳ ಚಿತ್ರ ಹಾಕಿ ಒಟ್ಟಾಗಿ ಗುರುತು ಹಚ್ಚುವ ಜಾಲತಾಣ. ಇದು 2008ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಹುಟ್ಟಿತು. ಹಕ್ಕಿಗಾದರೆ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಮೆಕಾಲೆ ಲೈಬ್ರರಿ. ಇ-ಬರ್ಡ್‌ನಲ್ಲಿ ಹಕ್ಕಿ ನೋಡುಗರು ಹಾಕಿದ ಚಿತ್ರಗಳೆಲ್ಲ ಅಲ್ಲಿ ಸೇರುತ್ತವೆ.

ನಮ್ಮದೇ ನೆಲದ ಎರಡನ್ನು ಮರೆಯಬಾರದು. ಇಂಡಿಯ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ಗಿಡಮರಗಳದ್ದೂ ಸೇರಿ ಭಾರತದ ದಾಖಲೆಗಳಷ್ಟೇ ಇರುವುದರಿಂದ ಬೇರೆ ದೇಶದ್ದು ಬೆರೆಯುವ ಭಯವಿಲ್ಲ. ಚಿಟ್ಟೆಗಳಿಗೆ ‘ಬಟರ್‌ಫ್ಲೈಸ್ ಆಫ್ ಇಂಡಿಯ’ ಜಾಲತಾಣ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಅವರ ತಂಡ ನಡೆಸುವ ಇದರಲ್ಲಿ ಪ್ರಭೇದವಾರು ಚಿಟ್ಟೆಯ, ಸಿಕ್ಕಿದ್ದರೆ ಮೊಟ್ಟೆ, ಹುಳು, ಕೋಶದ ಚಿತ್ರಗಳನ್ನೂ ಊರು–ದಿನಾಂಕದ ಸಮೇತ ಜೋಡಿಸಿದ್ದಾರೆ. ಗುರುತು ಹಚ್ಚಲು ಇದಕ್ಕಿಂತ ಅಚ್ಚುಕಟ್ಟಾದ ಜಾಗ ನನಗೆ ಗೊತ್ತಿಲ್ಲ. ಆದರೆ ಹಕ್ಕುಸ್ವಾಮ್ಯ ಆಯಾ ಛಾಯಾಗ್ರಾಹಕರದ್ದು. ನೋಡಿ ಕಲಿಯಬಹುದು, ಎತ್ತಿ ಬಳಸುವಂತಿಲ್ಲ.

ಐನ್ಯಾಚುರಲಿಸ್ಟ್‌ನಲ್ಲಿ ಒಂದು ಪೂರ್ತಿ ಹುಡುಕಾಟ

ಐದನೇ ತರಗತಿಯ ಮೇಷ್ಟ್ರೊಬ್ಬರು ನಮ್ಮ ರಾಜ್ಯಚಿಟ್ಟೆಯ ಜೀವನಚಕ್ರದ ಚಾರ್ಟ್ ಮಾಡಿಸಬೇಕು ಎಂದುಕೊಳ್ಳಿ. ಚಿಟ್ಟೆ ಸದರ್ನ್ ಬರ್ಡ್‌ವಿಂಗ್, ಟ್ರಾಯ್ಡಿಸ್ ಮೈನಾಸ್. ನಾಲ್ಕು ಚಿತ್ರ ಬೇಕು: ಮೊಟ್ಟೆ, ಹುಳು, ಕೋಶ, ಚಿಟ್ಟೆ.

ಜಾಲತಾಣದ ಮೇಲ್ಗಡೆ ‘ಎಕ್ಸ್‌ಪ್ಲೋರ್’ ಒತ್ತಿ. ನೋಡಲಷ್ಟೇ ಆದರೆ ಅಕೌಂಟ್ ಬೇಕಿಲ್ಲ. ಜೀವಿಯ ಹೆಸರಿನ ಜಾಗದಲ್ಲಿ ವೈಜ್ಞಾನಿಕ ಹೆಸರು ಹಾಕಿ, ಕೆಳಗೆ ತೆರೆದುಕೊಳ್ಳುವ ಪಟ್ಟಿಯಿಂದಲೇ ಆರಿಸಿ. ಸುಮ್ಮನೆ ಟೈಪ್ ಮಾಡಿ ಎಂಟರ್ ಒತ್ತಿದರೆ ಕೆಲವೊಮ್ಮೆ ಆಯ್ಕೆ ಹಿಡಿಯುವುದಿಲ್ಲ. ಪಕ್ಕದ ಸ್ಥಳದ ಜಾಗದಲ್ಲಿ ಕರ್ನಾಟಕ ಎಂದು ಕೊಡಿ. ಮೊದಲಿಗೆ ನಕ್ಷೆ ಬರುತ್ತದೆ, ಅದನ್ನು ಗ್ರಿಡ್‌ಗೆ ಬದಲಿಸಿಕೊಂಡರೆ ಚಿತ್ರಗಳೇ ಸಾಲಾಗಿ ಕಾಣುತ್ತವೆ.

ಈಗ ‘ಫಿಲ್ಟರ್ಸ್’ ತೆರೆಯಿರಿ. ಮೊದಲು ‘ರಿಸರ್ಚ್ ಗ್ರೇಡ್’ಗೆ ಟಿಕ್ ಹಾಕಿ. ಹಾಗೆಂದರೆ ಆ ದಾಖಲೆಗೆ ದಿನಾಂಕ, ಜಾಗ, ಚಿತ್ರ ಅಥವಾ ಧ್ವನಿ ಇದೆ, ಜೀವಿ ಸಾಕಿದ್ದೋ ನೆಟ್ಟದ್ದೋ ಅಲ್ಲ, ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಂದೇ ಹೆಸರು ಹೇಳಿದ್ದಾರೆ ಎಂದರ್ಥ. ಇಬ್ಬರಾದರೂ ಒಪ್ಪಿರಬೇಕು, ಒಬ್ಬನೇ ಹೇಳಿದ್ದು ನಡೆಯುವುದಿಲ್ಲ.

ಆಮೇಲೆ ‘ಮೋರ್ ಫಿಲ್ಟರ್ಸ್’. ಇಲ್ಲಿ ‘ಆನೊಟೇಷನ್’ ಎಂಬಲ್ಲಿ ಲೈಫ್ ಸ್ಟೇಜ್ ಆರಿಸಿದರೆ ಮೊಟ್ಟೆ, ಲಾರ್ವ, ಪ್ಯೂಪ, ವಯಸ್ಕ ಎಂದು ಬೇರೆ ಬೇರೆ ನೋಡಬಹುದು. ಗಿಡಗಳಾದರೆ ಹೂ, ಕಾಯಿ ಎಂದೂ ಆರಿಸಬಹುದು. ಲಾರ್ವ ಎಂದು ಕೊಟ್ಟು ನೋಡಿ. ಫಲಿತಾಂಶ ತೀರಾ ಕಡಿಮೆ ಬಂದರೆ ಗಾಬರಿಯಾಗಬೇಡಿ: ಈ ಗುರುತುಗಳನ್ನು ಸ್ವಯಂಸೇವಕರು ಒಂದೊಂದಾಗಿ ಹಾಕುವುದರಿಂದ ಎಷ್ಟೋ ದಾಖಲೆಗಳಿಗೆ ಅದು ಬಿಟ್ಟುಹೋಗಿರುತ್ತದೆ. ಆಗ ಕರ್ನಾಟಕ ತೆಗೆದು ಭಾರತ ಎಂದು ಕೊಡಿ. ಇದು ದಕ್ಷಿಣ ಭಾರತದ್ದೇ ಚಿಟ್ಟೆಯಾದ್ದರಿಂದ ಕೇರಳ, ಗೋವಾದ ಹುಳುವೂ ಇದೇ ಹುಳು.

ಇಲ್ಲೊಂದು ಕಡೆ ಎಡವುವ ಸಾಧ್ಯತೆ ಜಾಸ್ತಿ. ಬರ್ಡ್‌ವಿಂಗ್ ಮೊಟ್ಟೆ ಇಡುವುದು ಈಶ್ವರಿ ಬಳ್ಳಿ ಮತ್ತು ಅದರ ಜಾತಿಯ ಬಳ್ಳಿಗಳ ಮೇಲೆ. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಎಂಬ ಇನ್ನೆರಡು ಚಿಟ್ಟೆಗಳೂ ಅದೇ ಬಳ್ಳಿಗೆ ಬರುತ್ತವೆ. ಮೂರರ ಹುಳುವೂ ಕಡುಗೆಂಪಿನಿಂದ ಕಪ್ಪಿನವರೆಗಿನ ಮಖಮಲ್ಲಿನಂಥ ಮೈಯವು, ಮೈತುಂಬ ಮೆತ್ತನೆಯ ಮುಳ್ಳಿನಂಥ ಗುಬುಟುಗಳು, ನಡುವಿಗೆ ಬಿಳಿಯ ಪಟ್ಟಿ. ಬರ್ಡ್‌ವಿಂಗ್ ಹುಳುವಿನ ಪಟ್ಟಿ ಮೈಯ ಬದಿಗೆ ಓರೆಯಾಗಿ ಇಳಿಯುತ್ತದೆ. ರಿಸರ್ಚ್ ಗ್ರೇಡ್ ಆಗಿದ್ದರೂ ‘ಬಟರ್‌ಫ್ಲೈಸ್ ಆಫ್ ಇಂಡಿಯ’ ತಾಣದಲ್ಲಿ ಇದೇ ಪ್ರಭೇದದ ಹುಳುವಿನ ಚಿತ್ರ ತೆರೆದು ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಎರಡು ನಿಮಿಷ ಹೆಚ್ಚಾದೀತು. ಗೋಡೆಯ ಮೇಲಿನ ಚಾರ್ಟ್ ವರ್ಷಗಟ್ಟಲೆ ಇರುತ್ತದೆ.

ಕೊನೆಗೆ ‘ಫೋಟೊ ಲೈಸೆನ್ಸಿಂಗ್’ ಫಿಲ್ಟರ್. ಇದನ್ನು ಮೊದಲೇ ಹಾಕಿದರೆ ಒಳ್ಳೊಳ್ಳೆಯ ಚಿತ್ರಗಳು ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ನಾನು ಮೊದಲು ಎಲ್ಲವನ್ನೂ ನೋಡಿ ಜೀವಿಯ ಚಹರೆ ಮನಸ್ಸಿಗೆ ಹಿಡಿದ ಮೇಲೆ ಇದನ್ನು ಹಾಕುತ್ತೇನೆ. ಬೇಕಾದ ಚಿತ್ರ ಸಿಕ್ಕಾಗ ಅದರ ಕೆಳಗಿನ ಸಣ್ಣ ‘ಐ’ ಗುರುತು ಒತ್ತಿದರೆ ಆ ಚಿತ್ರದ್ದೇ ಪುಟ ತೆರೆಯುತ್ತದೆ. ಲೈಸೆನ್ಸ್ ನೋಡಬೇಕಾದ್ದು ಅಲ್ಲಿ. ಒಂದೇ ದಾಖಲೆಯಲ್ಲಿ ದಾಖಲೆಗೊಂದು ಲೈಸೆನ್ಸ್, ಚಿತ್ರಕ್ಕೊಂದು ಲೈಸೆನ್ಸ್ ಇರುವುದುಂಟು. ನಮಗೆ ಲೆಕ್ಕ ಚಿತ್ರದ್ದು.

ಕಾಮನ್ಸ್‌ನಲ್ಲಿ

ಕಾಮನ್ಸ್‌ನ ಸರ್ಚ್‌ನಲ್ಲಿ ಕನ್ನಡ ಪದಕ್ಕೂ ಕೆಲವೊಮ್ಮೆ ಉತ್ತರ ಬರುತ್ತದೆ, ಏಕೆಂದರೆ ವಿಕಿಪೀಡಿಯದ ಸೋದರ ಮಾಹಿತಿಕೋಶವಾದ ವಿಕಿಡೇಟಾದಲ್ಲಿ ಆ ಜೀವಿಗೆ ಕನ್ನಡ ಹೆಸರು ಸೇರಿಸಿದ್ದರೆ ಅದೂ ಹುಡುಕಾಟದಲ್ಲಿ ಸೇರುತ್ತದೆ. ಆದರೂ ಭದ್ರವಾದ ದಾರಿ ವರ್ಗಗಳದ್ದು. ವೈಜ್ಞಾನಿಕ ಹೆಸರು ಕೊಟ್ಟು ‘ಕೆಟಗರೀಸ್ ಅಂಡ್ ಪೇಜಸ್’ ಟ್ಯಾಬಿಗೆ ಹೋಗಿ, ಆ ಹೆಸರಿನ ವರ್ಗ ತೆರೆಯಿರಿ. ಒಳಗೆ ಗಂಡು, ಹೆಣ್ಣು, ಗೂಡು, ದೇಶವಾರು ಎಂದು ಉಪವರ್ಗಗಳಿರಬಹುದು. ಸರ್ಚ್ ಪುಟದಲ್ಲೇ ಇದ್ದರೆ ‘ಕಮ್ಯುನಿಟಿ ಅಸೆಸ್‌ಮೆಂಟ್ಸ್’ ಎಂಬ ಫಿಲ್ಟರ್ ಬಳಸಿ. ಅಲ್ಲಿನ ಬಳಗ ಪರಿಶೀಲಿಸಿ ಮೆಚ್ಚಿದ ಚಿತ್ರಗಳು ಮಾತ್ರ ಉಳಿಯುತ್ತವೆ. ಹುಲಿ, ನವಿಲಿಗೆ ಇದು ಚೆನ್ನ. ಏಡಿ, ಜೇಡಗಳಿಗೆ ಹಾಕಿದರೆ ಪುಟ ಖಾಲಿಯಾದೀತು.

ಚಿತ್ರದ ಪುಟದ ತಳದವರೆಗೂ ಇಳಿಯಿರಿ. ತೆಗೆದ ದಿನ, ಕ್ಯಾಮೆರಾ ಇದ್ದ ಜಾಗ, ಲೆನ್ಸಿನ ವಿವರ ಅಲ್ಲಿರುತ್ತವೆ. ಮಡಿವಾಳ ಹಕ್ಕಿ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಉದ್ದಗಲಕ್ಕೂ ಇದೆ; ಸಿಂಗಪುರದ ಹಕ್ಕಿಗೆ ‘ನಮ್ಮ ಹಿತ್ತಲಿನ ಅತಿಥಿ’ ಎಂದು ಅಡಿಬರಹ ಹಾಕದಿರಲು ಆ ಒಂದು ಸಾಲು ಸಾಕು. ನೀಲಕಂಠಕ್ಕಂತೂ ಇದು ಕಡ್ಡಾಯ. ಥಾಯ್ಲೆಂಡ್ ಕಡೆಯ ಹಕ್ಕಿಯನ್ನೂ ಮೊದಲು ಇದೇ ಪ್ರಭೇದಕ್ಕೆ ಸೇರಿಸಿದ್ದರು, ಈಗ ಅದು ಕೊರೇಸಿಯಸ್ ಅಫಿನಿಸ್ ಎಂಬ ಬೇರೆ ಪ್ರಭೇದ. ಅದರ ಎದೆ, ಮುಖ ಗೀರುಗಳಿಲ್ಲದ, ನೇರಳೆ ಬೆರೆತ ಕಡುಗಂದು. ನಮ್ಮದರ ಎದೆಯ ಮೇಲೆ ಬಿಳಿಯ ಗೀರುಗಳಿರುವ ಕಂದುಗೆಂಪು.

ನವಿಲುಮರಿ ಮತ್ತು ಮೆಕಾಲೆ

2024ರ ಸುಮಾರಿಗೆ ‘ಬೇಬಿ ಪೀಕಾಕ್’ ಎಂದು ಗೂಗಲ್‌ನಲ್ಲಿ ಹುಡುಕಿದವರಿಗೆ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ, ನೀಲಿ ಕತ್ತಿನ, ಗರಿ ಬಿಚ್ಚಿದ ಮರಿಗಳು ಕಂಡವು. ಎಲ್ಲ ಎಐ ಬರೆದ ಚಿತ್ರಗಳು. ಹೊಲದ ಬದುವಿನಲ್ಲಿ ನವಿಲು ಮರಿ ಮಾಡಿದ್ದನ್ನು ನೋಡಿದ ಯಾರನ್ನಾದರೂ ಕೇಳಿ, ನಗುತ್ತಾರೆ. ನಿಜವಾದ ಮರಿ ಮಣ್ಣಿನ ಬಣ್ಣದ್ದು, ದೂರದಿಂದ ನೋಡಿದರೆ ಕೋಳಿಮರಿಯೋ ಏನೋ ಎನ್ನಬೇಕು. ಗಂಡಿಗೂ ಆ ಉದ್ದನೆಯ ಗರಿ ಬರಲು ವರ್ಷಗಳೇ ಬೇಕು.

ಇಂಥ ಕಡೆ ಮೆಕಾಲೆ ಲೈಬ್ರರಿ ಬಲು ಉಪಯೋಗಿ. ಪ್ರಭೇದದ ಹೆಸರು ಕೊಟ್ಟು (ನವಿಲಿಗೆ ಪಾವೊ ಕ್ರಿಸ್ಟೇಟಸ್), ಫೋಟೊ ಆರಿಸಿ, ವಯಸ್ಸಿನ ಫಿಲ್ಟರ್‌ನಲ್ಲಿ ‘ಜುವೆನೈಲ್’ ಎಂದು ಕೊಡಿ. ಗಂಡು–ಹೆಣ್ಣು, ತಿಂಗಳು, ಸ್ಥಳ ಎಂದೂ ಜರಡಿ ಹಿಡಿಯಬಹುದು. ಹಾರುತ್ತಿರುವುದು, ಗುಟುಕು ಕೊಡುತ್ತಿರುವುದು ಎಂಬಂಥ ವರ್ತನೆಯ ಗುರುತುಗಳೂ ಇವೆ. ಬಳಕೆದಾರರು ಕೊಟ್ಟ ನಕ್ಷತ್ರಗಳ ಪ್ರಕಾರ ಒಳ್ಳೆಯ ಚಿತ್ರ ಮೊದಲು ಬರುತ್ತದೆ. ಪ್ರತಿ ಚಿತ್ರಕ್ಕೂ ‘ಎಂಎಲ್’ ಎಂದು ಶುರುವಾಗುವ ಸಂಖ್ಯೆ ಇರುತ್ತದೆ, ಬರೆದಿಟ್ಟುಕೊಳ್ಳಿ, ಮತ್ತೆ ಹುಡುಕಲು ಅದೊಂದೇ ಸಾಕು. ಒಂದೇ ಕೊರತೆ, ಈ ಚಿತ್ರಗಳನ್ನು ಇಳಿಸಿಕೊಂಡು ಅಚ್ಚು ಹಾಕುವಂತಿಲ್ಲ, ಅನುಮತಿ ಕೇಳಬೇಕು. ಜಾಲತಾಣದಲ್ಲಾದರೆ ಅವರೇ ಕೊಡುವ ಎಂಬೆಡ್ (ಚಿತ್ರವನ್ನು ಅವರ ತಾಣದಿಂದಲೇ ತೋರಿಸುವ ಕೋಡ್) ಮೂಲಕ ತೋರಿಸಬಹುದು.

ಎಐ ಚಿತ್ರದ ಅನುಮಾನ ಬಂದಾಗ ಕೊಕ್ಕು, ಕಾಲ್ಬೆರಳು ಎಣಿಸುತ್ತಾ ಕೂರುವುದು ಈಗ ಪ್ರಯೋಜನವಿಲ್ಲ, ಯಂತ್ರ ಅದನ್ನೆಲ್ಲ ಕಲಿತುಬಿಟ್ಟಿದೆ. ಚೀಟಿ ನೋಡಿ. ತೆಗೆದವರ ಹೆಸರಿನ ಮೇಲೆ ಒತ್ತಿದರೆ ಅವರ ಬೇರೆ ದಾಖಲೆಗಳು ಕಾಣುತ್ತವೆ. ಒಂದೇ ಊರಿನ ಸುತ್ತ ಹಲವು ವರ್ಷಗಳಿಂದ ಕಾಗೆ, ಪಾರಿವಾಳ, ಮಸುಕಾದ ಗೀಜಗ ಎಲ್ಲ ಹಾಕಿದ್ದಾರೆಂದರೆ ಅವರು ನಿಜವಾಗಿ ಹಕ್ಕಿ ನೋಡುವವರು. ವಾಟ್ಸ್ಯಾಪಿನಲ್ಲಿ ಬಂದ ಚಿತ್ರವಾದರೆ ಗೂಗಲ್ ಲೆನ್ಸ್‌ಗೆ ಕೊಟ್ಟು ಮೂಲ ಎಲ್ಲಿದೆ ಎಂದು ಹುಡುಕಿ. ಮೂಲ ಸಿಗದಿದ್ದರೆ ಬಿಟ್ಟುಬಿಡಿ.

ಸಿಂಗಳೀಕದ ಚಿತ್ರ ಹುಡುಕುವವರಿಗೆ ಇನ್ನೊಂದು ಮಾತು. ಪಶ್ಚಿಮ ಘಟ್ಟದ ಈ ಕೋತಿ ಯುರೋಪಿನ ಎಷ್ಟೋ ಮೃಗಾಲಯಗಳಲ್ಲಿದೆ, ಹಾಗಾಗಿ ಕಾಮನ್ಸ್‌ನಲ್ಲಿ ಪಂಜರದ ಚಿತ್ರಗಳು ಬಹಳ. ‘ಶರಾವತಿ ಕಣಿವೆಯ ಸಿಂಗಳೀಕ’ ಎಂಬ ಲೇಖನಕ್ಕೆ ಜರ್ಮನಿಯ ಮೃಗಾಲಯದ್ದನ್ನು ಹಾಕಿದರೆ ನೋಡಿದವರಿಗೆ ಗೊತ್ತಾಗದೆ ಇರದು. ಕಾಡಿನದೇ ಬೇಕೆಂದರೆ ಐನ್ಯಾಚುರಲಿಸ್ಟ್‌ನ ‘ವೈಲ್ಡ್’ ಫಿಲ್ಟರ್ ಹಾಕಿ. ಕಾಡಿನ ಚಿತ್ರಗಳಲ್ಲೂ ತಮಿಳುನಾಡಿನ ವಾಲ್ಪಾರೈಯವು ಹೆಚ್ಚು ಸಿಗುತ್ತವೆ, ಅಲ್ಲಿನ ಗುಂಪೊಂದು ರಸ್ತೆ, ಮನೆಗಳವರೆಗೂ ಬರುವುದರಿಂದ ತೆಗೆಯಲು ಸುಲಭ.

ಲೈಸೆನ್ಸ್: ‘ಕೃಪೆ: ಗೂಗಲ್’ ಯಾಕೆ ಸಾಲದು

ಗೂಗಲ್ ಚಿತ್ರ ತೆಗೆದಿಲ್ಲ. ತೆಗೆದವರು ಜಿಗಣೆ ಕಚ್ಚಿಸಿಕೊಂಡು ಮಳೆಯಲ್ಲಿ ಕಾದವರು. ಭಾರತದ ಕಾನೂನಿನಲ್ಲಿ ಚಿತ್ರದ ಹಕ್ಕು ತೆಗೆದವರ ಜೀವಿತಕಾಲ, ಅದರ ಮೇಲೆ 60 ವರ್ಷ ಇರುತ್ತದೆ. ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್ ಅವರಂಥ ಫಿಲ್ಮ್ ರೋಲ್ ಕಾಲದ ದೊಡ್ಡ ವನ್ಯಜೀವಿ ಛಾಯಾಗ್ರಾಹಕರ ಚಿತ್ರ ಎಲ್ಲೋ ಸ್ಕ್ಯಾನ್ ಆಗಿ ಸಿಕ್ಕಿತೆಂದು ಹಾಕಿಕೊಳ್ಳುವಂತಿಲ್ಲ.

ತೆಗೆದವರು ಬಳಕೆಗೆ ಮೊದಲೇ ಒಪ್ಪಿಗೆ ಕೊಟ್ಟಿಡುವ ಲೈಸೆನ್ಸಿಗೆ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಎನ್ನುತ್ತಾರೆ, ಅದರ ಗುರುತುಗಳನ್ನು ಹೀಗೆ ಓದಿ. ‘ಸಿಸಿ ಝೀರೊ’ ಇದ್ದರೆ ಯಾವ ಷರತ್ತೂ ಇಲ್ಲ. ‘ಬೈ’ ಇದ್ದರೆ ಹೆಸರು ಹಾಕಬೇಕು. ‘ಎಸ್‌ಎ’ ಇದ್ದರೆ, ಚಿತ್ರ ಬಳಸಿ ನೀವು ಹೊಸದೇನಾದರೂ ಮಾಡಿದಾಗ ಅದನ್ನೂ ಅದೇ ಷರತ್ತಿನಲ್ಲಿ ಬಿಡಬೇಕು. ‘ಎನ್‌ಡಿ’ ಎಂದರೆ ಚಿತ್ರವನ್ನು ಮಾರ್ಪಡಿಸಿ ಹಂಚುವಂತಿಲ್ಲ. ‘ಎನ್‌ಸಿ’ ಎಂದರೆ ವಾಣಿಜ್ಯ ಬಳಕೆ ಇಲ್ಲ. ಶಾಲೆಯ ಚಾರ್ಟ್‌ಗೆ ನಡೆಯುತ್ತದೆ. ಮಾರುವ ಪುಸ್ತಕ, ಜಾಹೀರಾತು ಬರುವ ಯೂಟ್ಯೂಬ್ ಚಾನೆಲ್‌ಗೆ ಕೇಳದೆ ಬಳಸದಿರುವುದೇ ಕ್ಷೇಮ. ಐನ್ಯಾಚುರಲಿಸ್ಟ್‌ನಲ್ಲಿ ಏನೂ ಬದಲಿಸದೆ ಬಿಟ್ಟರೆ ಚಿತ್ರಕ್ಕೆ ‘ಬೈ-ಎನ್‌ಸಿ’ಯೇ ಬೀಳುವುದರಿಂದ ಅಲ್ಲಿನ ಬಹುಪಾಲು ಚಿತ್ರಗಳು ಇದರಡಿ ಇವೆ. ಕಾಮನ್ಸ್ ಮಾತ್ರ ಎನ್‌ಸಿ, ಎನ್‌ಡಿ ಎರಡನ್ನೂ ಸೇರಿಸುವುದಿಲ್ಲ. ಹಾಗಾಗಿ ವಿಕಿಪೀಡಿಯಕ್ಕೆ ಬರೆಯುವವರು ಐನ್ಯಾಚುರಲಿಸ್ಟ್‌ನಲ್ಲಿ ಹುಡುಕುವಾಗ ಝೀರೊ, ಬೈ, ಬೈ-ಎಸ್‌ಎ ಮೂರನ್ನೇ ನೋಡಿ.

ಕ್ರೆಡಿಟ್ ಸಾಲು ಹೀಗಿದ್ದರೆ ಸಾಕು: ‘ಚಿತ್ರ: ತೆಗೆದವರ ಹೆಸರು / ವಿಕಿಮೀಡಿಯ ಕಾಮನ್ಸ್ / ಸಿಸಿ ಬೈ-ಎಸ್‌ಎ 4.0’. ಕತ್ತರಿಸಿದ್ದರೆ ‘ಕ್ರಾಪ್ ಮಾಡಲಾಗಿದೆ’ ಎಂದು ಸೇರಿಸಿ. ಜಾಲದಲ್ಲಾದರೆ ಚಿತ್ರದ ಪುಟಕ್ಕೂ ಲೈಸೆನ್ಸಿಗೂ ಲಿಂಕ್ ಕೊಡಿ. ಛಾಯಾಗ್ರಾಹಕರು ಮುಂದೆ ಲೈಸೆನ್ಸ್ ಬದಲಿಸಬಹುದು. ನೀವು ಇಳಿಸಿಕೊಂಡಾಗ ಇದ್ದ ಷರತ್ತು ನಿಮಗೆ ಉಳಿಯುತ್ತದಾದರೂ ತೋರಿಸಲು ಪುರಾವೆ ಬೇಕಲ್ಲ, ಆ ದಿನವೇ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ.

ಬೇಕಾದ ಚಿತ್ರಕ್ಕೆ ಲೈಸೆನ್ಸ್ ಅಡ್ಡ ಬಂದರೆ ತೆಗೆದವರಿಗೇ ಬರೆಯಿರಿ. ಯಾವ ಚಿತ್ರ, ಎಲ್ಲಿ ಬಳಸುವುದು, ಎಷ್ಟು ಪ್ರತಿ, ದುಡ್ಡು ಕೊಡುತ್ತೀರೋ ಇಲ್ಲವೋ, ಹೆಸರು ಹೇಗೆ ಹಾಕಬೇಕು ಎಂಬುದೆಲ್ಲ ಮೊದಲ ಪತ್ರದಲ್ಲೇ ಇರಲಿ. ‘ಸರ್, ಫೋಟೊ ಸೂಪರ್, ಕಳಿಸಿ’ ಎಂಬ ಮೆಸೇಜಿಗೆ ಉತ್ತರ ಬರುವುದು ಕಡಿಮೆ.

ಅಳತೆ, ಜಾಗ

ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಎಂದು ಲೆಕ್ಕ ಇಡಿ. ಐನ್ಯಾಚುರಲಿಸ್ಟ್ ಯಾವ ಚಿತ್ರವನ್ನೂ 2048 ಪಿಕ್ಸೆಲ್‌ಗಿಂತ ದೊಡ್ಡದಾಗಿ ಇಟ್ಟುಕೊಳ್ಳುವುದಿಲ್ಲ, ಅಂದರೆ ಉದ್ದದ ಬದಿ ಏಳಿಂಚಿಗೆ ಸ್ವಲ್ಪ ಕಡಿಮೆ. ಪತ್ರಿಕೆಯ ಒಳಪುಟಕ್ಕೆ ಸಾಕು, ಎ4 ಮುಖಪುಟಕ್ಕೆ ಸಾಲದು. ಕಾಮನ್ಸ್‌ನಲ್ಲಿ ‘ಒರಿಜಿನಲ್ ಫೈಲ್’ ಒತ್ತಿ ಇಳಿಸಿಕೊಳ್ಳಿ; ಪರದೆಯ ಮೇಲೆ ಕಾಣುವ ಚಿಕ್ಕ ಪ್ರತಿಯ ಮೇಲೆ ರೈಟ್ ಕ್ಲಿಕ್ ಮಾಡಿ ಸೇವ್ ಮಾಡಿದ್ದನ್ನು ಪ್ರೆಸ್ಸಿನವರು ವಾಪಸ್ ಕಳಿಸುತ್ತಾರೆ.

ಕಾಡುಪಾಪ, ಸಿಂಗಳೀಕದಂಥ ಅಪಾಯದಲ್ಲಿರುವ ಜೀವಿಗಳ ನಕ್ಷೆಯ ಚುಕ್ಕೆಯನ್ನು ನಂಬಿ ಹೊರಡಬೇಡಿ. ಬೇಟೆ, ಕಳ್ಳಸಾಗಣೆಯ ಭಯಕ್ಕೆ ಐನ್ಯಾಚುರಲಿಸ್ಟ್ ಅವುಗಳ ನಿಜವಾದ ಜಾಗವನ್ನು ಮರೆಮಾಡಿ, ಸುಮಾರು 20 ಕಿಲೋಮೀಟರ್ ಅಗಲದ ಚೌಕದೊಳಗೆ ಎಲ್ಲೋ ಒಂದು ಚುಕ್ಕೆ ಇಡುತ್ತದೆ. ತೆಗೆದವರಿಗೆ ಬರೆದು ಜಾಗ ಕೇಳಲೂ ಬೇಡಿ. ಅಡಿಬರಹಕ್ಕೆ ಜಿಲ್ಲೆಯ ಹೆಸರು ಸಾಕು.